ತಂಗಿಯ ಡಿಗ್ರಿಗೆ ಇಷ್ಟು ಸಾಲ ಮಾಡೋದು ಸರಿನಾ?

ದೊಡ್ಡಣ್ಣ ಕೇಳಿದ್ದು:

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದದ ಪ್ರಶ್ನೆ. ದಯವಿಟ್ಟು ಪೂರ್ತಿ ಓದಿ ಉತ್ತರ ಕೊಡಿ.

ನನಗೆ 26 ವರ್ಷ. ಹದಿನೆಂಟಕ್ಕೇ ಕೆಲಸಕ್ಕೆ ಸೇರಿದೆ. ಲೇತ್ ಮೆಷಿನ್ ಮೇಲೆ ನಿಂತು ಎಂಟು ವರ್ಷ ಆಯಿತು. ಡಿಗ್ರಿ ಮಾಡಿಲ್ಲ. ಕೆಲಸ ಚೆನ್ನಾಗಿ ಬರುತ್ತದೆ, ತಿಂಗಳಾದರೆ ಸಂಬಳವೂ ಬರುತ್ತದೆ. ಆದರೆ ನಾಲ್ಕು ವರ್ಷದಿಂದ ಅದು ಇದ್ದಲ್ಲೇ ಇದೆ. ಡ್ರಾಯಿಂಗ್ ನೋಡಿ ಅಳತೆ ಹಿಡಿಯೋದನ್ನು ನಾನು ಹೇಳಿಕೊಟ್ಟ ಇಬ್ಬರು ಹುಡುಗರು ಈಗ ನನಗೇ ಕೆಲಸ ಹಂಚುತ್ತಾರೆ. ಒಳ್ಳೆಯ ಹುಡುಗರು, ನನಗೆ ಮರ್ಯಾದೆ ಕೊಡುತ್ತಾರೆ. ಅವರಿಬ್ಬರಿಗೂ ಡಿಗ್ರಿ ಇದೆ, ನನಗಿಲ್ಲ. ವಿಷಯ ಅಷ್ಟೇ.

ನನ್ನ ತಂಗಿಗೆ 18. ಎಲೆಕ್ಟ್ರಾನಿಕ್ಸ್ ಓದಬೇಕು ಅಂತ ಆಸೆ. ಆಸೆ ಅಂದರೆ ಸುಮ್ನೆ ಹೇಳುವ ಆಸೆಯಲ್ಲ. ಹದಿಮೂರನೇ ವಯಸ್ಸಿಗೇ ಕೆಟ್ಟುಹೋದ ಫ್ಯಾನ್ ರೆಗ್ಯುಲೇಟರ್ ಬಿಚ್ಚಿ ಕೂತವಳು. ಸೋಲ್ಡರಿಂಗ್ ಐರನ್ ತಗುಲಿ ಎಡಗೈ ಹೆಬ್ಬೆರಳಲ್ಲಿ ಆದ ಕಲೆ ಇನ್ನೂ ಇದೆ. ಈಗ ಎರಡು ಕಾಲೇಜಲ್ಲಿ ಸೀಟು ಸಿಕ್ಕಿದೆ. ಕೋರ್ಸ್ ಒಂದೇ, ನಾಲ್ಕು ವರ್ಷದ್ದು. ಒಂದು ಮನೆಯಿಂದ ಓಡಾಡುವಷ್ಟು ಹತ್ತಿರ. ಇನ್ನೊಂದು ದೂರ, ದೊಡ್ಡ ಹೆಸರಿನ ಕಾಲೇಜು.

ದುಡ್ಡಿನ ವಿಷಯ ಹೀಗಿದೆ. ನನ್ನ ಒಂದು ವರ್ಷದ ಸಂಬಳವನ್ನು 100 ಅಂತ ಇಟ್ಟುಕೊಳ್ಳಿ. ಹತ್ತಿರದ ಕಾಲೇಜಿಗೆ ನಾಲ್ಕು ವರ್ಷಕ್ಕೆ ಎಲ್ಲಾ ಸೇರಿ 120 ಆಗುತ್ತದೆ. ದೊಡ್ಡ ಹೆಸರಿನ ಕಾಲೇಜಿಗೆ ಹಾಸ್ಟೆಲ್ ಸೇರಿ 360. ನಮ್ಮ ಹತ್ತಿರ ಕೂಡಿಟ್ಟಿರೋದು 80. ಉಳಿದದ್ದು ಸಾಲ. ಬಡ್ಡಿ ಶೇಕಡಾ 10. ಓದು ಮುಗಿದು ಒಂದು ವರ್ಷದ ಮೇಲೆ ಕಂತು ಶುರು, ಹತ್ತು ವರ್ಷದಲ್ಲಿ ತೀರಿಸಬೇಕು. ಅಪ್ಪ ಇಲ್ಲ. ಅಮ್ಮನಿಗೆ ಆದಾಯ ಇಲ್ಲ. ಜಾಮೀನಿಗೆ ಸಹಿ ಹಾಕುವವನು ನಾನೇ.

ನನಗೆ ದೊಡ್ಡ ಕಾಲೇಜಿಗೇ ಕಳಿಸಬೇಕು ಅಂತ ಇದೆ. ನನಗೆ ಆಗದ್ದು ಅವಳಿಗಾದರೂ ಆಗಲಿ. ಆದರೆ ಅವಳೇ ಈಗ "ಅಣ್ಣಾ, ನಾನು ಓದೋದೇ ಬೇಡ, ಕೆಲಸಕ್ಕೆ ಸೇರ್ತೀನಿ" ಅನ್ನುತ್ತಿದ್ದಾಳೆ. ಮೊನ್ನೆ ರಾತ್ರಿ ಅವಳ ನೋಟ್‌ಬುಕ್ ತೆರೆದೇ ಇತ್ತು. ಹಾಳೆಯ ಮಧ್ಯೆ ಗೆರೆ ಎಳೆದು ಒಂದು ಕಡೆ 'ಓದಿದರೆ', ಇನ್ನೊಂದು ಕಡೆ 'ಸೇರಿದರೆ' ಅಂತ ಬರೆದಿದ್ದಳು. 'ಓದಿದರೆ' ಕೆಳಗೆ ಏನೋ ಬರೆದು ರಬ್ಬರ್‌ನಲ್ಲಿ ಅಳಿಸಿದ್ದಳು. ಬೆಳಕಿಗೆ ಹಿಡಿದು ನೋಡಿದೆ. 'ಅಣ್ಣನ ಮದುವೆ?' ಅಂತ ಇತ್ತು.

ಅವತ್ತಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ. ಡಿಗ್ರಿಗೆ ಇಷ್ಟು ಖರ್ಚು ಮಾಡೋದು ನಿಜವಾಗಲೂ ಲಾಭವೇ? ಅನುಭವ ಇದ್ದವರು ಹೇಳಿ.

---

ಸಂದರ್ಶನದ ಮೇಜು ಉತ್ತರ:

ದೊಡ್ಡಣ್ಣ ಅವರೇ, ನಾನು ಹತ್ತು ವರ್ಷದಿಂದ ಕೆಲಸಕ್ಕೆ ಜನ ತೆಗೆದುಕೊಳ್ಳುವ ವಿಭಾಗದಲ್ಲಿದ್ದೇನೆ. ಒಳಗೆ ಏನು ನಡೆಯುತ್ತದೆ ಅಂತ ಇದ್ದ ಹಾಗೆ ಹೇಳುತ್ತೇನೆ.

ಒಂದು ಹುದ್ದೆಗೆ ನಾನೂರು ಅರ್ಜಿ ಬರುತ್ತವೆ. ನಾನೂರನ್ನೂ ಓದಲು ಯಾರಿಗೂ ಸಮಯವಿಲ್ಲ. ಮೊದಲ ಜರಡಿ ಡಿಗ್ರಿ. ಇದೆಯೋ ಇಲ್ಲವೋ, ಅಷ್ಟೇ. ನೀವು ಲೇತ್ ಮೇಲೆ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತೀರಿ ಅನ್ನೋದು ನನ್ನ ಮೇಜಿಗೆ ಬರೋದೇ ಇಲ್ಲ, ಯಾಕೆಂದರೆ ನಿಮ್ಮ ಅರ್ಜಿ ಅದಕ್ಕೆ ಮುಂಚೆಯೇ ಬದಿಗೆ ಹೋಗಿರುತ್ತದೆ. ಇದು ಸರಿಯಲ್ಲ ಅಂತ ನನಗೆ ಗೊತ್ತು. ಆದರೂ ನಡೆಯುತ್ತಿರೋದು ಇದೇ.

ಮೈಕೆಲ್ ಸ್ಪೆನ್ಸ್ ಅನ್ನುವ ಅರ್ಥಶಾಸ್ತ್ರಜ್ಞ 1973ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಕೆಲಸ ಕೊಡುವವನಿಗೆ ಎದುರಿಗೆ ಕೂತವನ ಯೋಗ್ಯತೆ ಕಾಣೋದಿಲ್ಲ, ಅದಕ್ಕೆ ಒಂದು ಗುರುತು ಹುಡುಕುತ್ತಾನೆ, ಡಿಗ್ರಿ ಅಂಥ ಒಂದು ಗುರುತು ಅಂತ. 2001ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಅಂದರೆ ಕಾಲೇಜಲ್ಲಿ ಕಲಿತದ್ದಕ್ಕೆ ಮಾತ್ರ ಸಂಬಳವಲ್ಲ, ನಾಲ್ಕು ವರ್ಷ ಕೂತು ಮುಗಿಸಿದ ಅನ್ನೋದಕ್ಕೂ ಸಂಬಳ.

ಈಗ ಕೆಲವು ಕಡೆ ಈ ಜರಡಿ ತೆಗೆಯುತ್ತಿದ್ದಾರೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯ 2022ರಲ್ಲಿ ಸಾವಿರಾರು ಸರ್ಕಾರಿ ಹುದ್ದೆಗಳಿಗೆ ಡಿಗ್ರಿ ಬೇಕೇಬೇಕು ಅನ್ನುವ ನಿಯಮ ಕೈಬಿಟ್ಟಿತು. ಒಳ್ಳೆಯದೇ. ಆದರೆ ನಿಯಮ ಹೋದ ತಕ್ಷಣ ನಮ್ಮಂಥವರ ಅಭ್ಯಾಸ ಹೋಗುವುದಿಲ್ಲ. ಇಬ್ಬರು ಸಮಾನ ಅನಿಸಿದರೆ ಕೈ ಈಗಲೂ ಡಿಗ್ರಿ ಇದ್ದವರ ಕಡೆಗೇ ಹೋಗುತ್ತದೆ. ಹೆಣ್ಣುಮಗುವನ್ನು ಓದಿಸಿ. ಯಾವ ಕಾಲೇಜು ಅನ್ನೋದು ಬೇರೆ ಮಾತು.

---

ಲೆಕ್ಕದವಳು ಉತ್ತರ:

ತಮ್ಮಾ, ನಿನಗಿಂತ ಹನ್ನೆರಡು ವರ್ಷ ದೊಡ್ಡವಳು, ಹಾಗಾಗಿ ಹೀಗೆ ಕರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ. ದಿನವೆಲ್ಲಾ ಬೇರೆಯವರ ಲೆಕ್ಕ ಬರೆಯೋದು ನನ್ನ ಕೆಲಸ. ನಿನ್ನ ಲೆಕ್ಕವನ್ನೂ ಬರೆದೇ ನೋಡಿದೆ. ಅದಕ್ಕೆ ಮೊದಲು ನನ್ನದನ್ನು ಹೇಳಬೇಕು.

ನಾನೂ ಸಾಲ ಮಾಡಿ ಓದಲು ಹೋದವಳು. ಹಾಸ್ಟೆಲ್ ಇದ್ದ ಕಾಲೇಜು, ಮೂರು ವರ್ಷದ ಕೋರ್ಸ್. ಮೂರನೇ ವರ್ಷ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಬಂದು ಒಂದು ವಾರ ಇದ್ದು ಹೋಗುತ್ತೇನೆ ಅಂತ ಬಂದೆ. ಆ ವಾರ ಎಂಟು ತಿಂಗಳಾಯಿತು. ಕೊನೆಯ ಪರೀಕ್ಷೆಯ ಫೀಸ್ ಕಟ್ಟುವ ದಿನ ನಾನು ಆಸ್ಪತ್ರೆಯ ಔಷಧಿ ಅಂಗಡಿ ಮುಂದೆ ಸಾಲಲ್ಲಿ ನಿಂತಿದ್ದೆ. ಕಾಲೇಜಿಗೆ ಪತ್ರ ಬರೆದೆ, ಮುಂದಿನ ವರ್ಷ ಪೂರ್ತಿ ಫೀಸ್ ಕಟ್ಟಿ ಮತ್ತೆ ಸೇರಬೇಕು ಅಂತ ಒಂದು ಸಾಲಿನ ಉತ್ತರ ಬಂತು. ಅಲ್ಲಿಗೆ ಮುಗಿಯಿತು.

ಓದು ಮುಗಿಯಲಿಲ್ಲ, ಸಾಲ ಮಾತ್ರ ಉಳಿಯಿತು. ಕಂತು ಕಟ್ಟಿದ್ದು ಏಳು ವರ್ಷ. ಅಮ್ಮ ಒಂದು ಹಳೇ ಕ್ಯಾಲೆಂಡರ್ ಹಿಂದುಗಡೆ ಪ್ರತಿ ಕಂತಿಗೆ ಒಂದು ಗೀಟು ಹಾಕುತ್ತಿದ್ದರು. ನಾಲ್ಕು ಗೀಟು, ಅಡ್ಡ ಒಂದು, ಐದರ ಕಟ್ಟು. ಅಂಥ ಹದಿನಾರು ಕಟ್ಟು, ಮೇಲೆ ನಾಲ್ಕು. ಒಟ್ಟು ಎಂಬತ್ತನಾಲ್ಕು. ಆ ಏಳು ವರ್ಷವೂ ನನಗೆ ಸಿಕ್ಕಿದ್ದು ಶಾಲೆ ಮುಗಿಸಿದವರ ಸಂಬಳ. ಸಾಲ ತೀರಿದ ಪತ್ರ ಮತ್ತು ಅರ್ಧ ಓದಿನ ಮಾರ್ಕ್ಸ್ ಕಾರ್ಡ್‌ಗಳು ಈಗಲೂ ಒಂದೇ ಪ್ಲಾಸ್ಟಿಕ್ ಫೈಲಿನಲ್ಲಿವೆ.

ಆಮೇಲೆ 31ನೇ ವಯಸ್ಸಿಗೆ, ಕೆಲಸ ಮಾಡುತ್ತಲೇ, ದೂರಶಿಕ್ಷಣದಲ್ಲಿ ಡಿಗ್ರಿ ಮುಗಿಸಿದೆ. ಸರ್ಟಿಫಿಕೇಟ್ ಪ್ರತಿ ಕೊಟ್ಟ ಎರಡನೇ ತಿಂಗಳಿಂದ ಸಂಬಳ ಮೂರನೇ ಒಂದು ಭಾಗ ಜಾಸ್ತಿ ಆಯಿತು. ಅದೇ ಕುರ್ಚಿ, ಅದೇ ಕಂಪ್ಯೂಟರ್, ಅದೇ ಕೆಲಸ. ನಾನು ಹಿಂದಿನ ತಿಂಗಳಿಗಿಂತ ಒಂದು ಗುಲಗಂಜಿಯಷ್ಟೂ ಜಾಸ್ತಿ ಬುದ್ಧಿವಂತೆ ಆಗಿರಲಿಲ್ಲ. ಇದಕ್ಕೆ ಅರ್ಥಶಾಸ್ತ್ರದಲ್ಲಿ 'ಕುರಿಚರ್ಮದ ಪರಿಣಾಮ' ಅಂತ ಹೆಸರಿದೆ. ಹಿಂದೆ ಪದವಿಪತ್ರಗಳನ್ನು ಕುರಿಯ ಚರ್ಮದ ಹಾಳೆಯ ಮೇಲೆ ಬರೆಯುತ್ತಿದ್ದರಂತೆ, ಅದಕ್ಕೆ ಆ ಹೆಸರು. ಕೊನೆಯ ವರ್ಷ ಮುಗಿಸಿ ಪತ್ರ ಕೈಗೆ ಬಂದಾಗ ಸಂಬಳ ಹಾರುವಷ್ಟು, ಮಧ್ಯದ ಯಾವ ವರ್ಷ ಓದಿದರೂ ಹಾರುವುದಿಲ್ಲ.

ಅದಕ್ಕೇ ಹೇಳುತ್ತೇನೆ, ದುಬಾರಿ ಡಿಗ್ರಿ ಅಂದರೆ ಫೀಸ್ ಜಾಸ್ತಿ ಇರೋದಲ್ಲ. ಅರ್ಧಕ್ಕೆ ನಿಂತ ಡಿಗ್ರಿ. ಅಮೆರಿಕದಲ್ಲಿ ಓದಿನ ಸಾಲ ಕಟ್ಟಲಾಗದೆ ಕೈಚೆಲ್ಲುವವರನ್ನು ಲೆಕ್ಕ ಹಾಕಿದಾಗ, ದೊಡ್ಡ ಸಾಲದವರಿಗಿಂತ ಸಣ್ಣ ಸಾಲದವರೇ ಹೆಚ್ಚು ಎಡವುತ್ತಾರೆ ಅಂತ ಗೊತ್ತಾಯಿತು. ಕೇಳಿದಾಗ ಉಲ್ಟಾ ಅನಿಸುತ್ತದೆ. ಆದರೆ ನನಗೆ ತಕ್ಷಣ ಅರ್ಥವಾಯಿತು. ಅವರಲ್ಲಿ ಬಹಳ ಜನ ನನ್ನ ಹಾಗೆ ಒಂದೆರಡು ವರ್ಷ ಓದಿ ಬಿಟ್ಟವರು. ಸಾಲ ಚಿಕ್ಕದು, ಆದರೆ ಅದನ್ನು ತೀರಿಸುವ ಸಂಬಳ ಬರಲೇ ಇಲ್ಲ.

ಈಗ ನಿನ್ನ ಲೆಕ್ಕ. ನಿಧಾನವಾಗಿ ಓದು.

ಸಾಲ ಕೊಡುವವರು ದುಡ್ಡು ಬಿಡುಗಡೆ ಮಾಡಿದ ದಿನದಿಂದಲೇ ಬಡ್ಡಿ ಓಡುತ್ತದೆ. ಕಂತು ಆಮೇಲೆ ಶುರು ಅಂದರೆ ಬಡ್ಡಿಯೂ ಆಮೇಲೆ ಶುರು ಅಂತ ಅಲ್ಲ. ದೊಡ್ಡ ಕಾಲೇಜಿಗೆ ನಿನಗೆ ಬೇಕಾದ ಸಾಲ 280. ವರ್ಷಕ್ಕೆ 70ರಂತೆ ನಾಲ್ಕು ವರ್ಷ ತೆಗೆದುಕೊಂಡರೆ, ಬರೀ ಸರಳ ಬಡ್ಡಿ ಹಿಡಿದರೂ, ಕಂತು ಶುರುವಾಗುವ ಹೊತ್ತಿಗೆ ಅದು 378 ಆಗಿರುತ್ತದೆ. ಅದನ್ನು ಹತ್ತು ವರ್ಷ ಕಂತಲ್ಲಿ ಕಟ್ಟಿದರೆ ತಿಂಗಳಿಗೆ ಸುಮಾರು 5, ವರ್ಷಕ್ಕೆ 60. ಕೊನೆಗೆ ಕಟ್ಟಿದ್ದು ಹತ್ತಿರ ಹತ್ತಿರ 600. ಸಾಲ ತಂದಿದ್ದು 280, ವಾಪಸ್ ಕೊಟ್ಟಿದ್ದು ಅದರ ಎರಡು ಪಟ್ಟಿಗಿಂತ ಜಾಸ್ತಿ.

ಹತ್ತಿರದ ಕಾಲೇಜಿಗೆ ಸಾಲ 40. ಅದೇ ಲೆಕ್ಕದಲ್ಲಿ ಅದು 54 ಆಗುತ್ತದೆ. ವರ್ಷಕ್ಕೆ ಎಂಟೂವರೆ. ಒಟ್ಟು ಕಟ್ಟೋದು 86ರ ಒಳಗೆ.

ಎರಡಕ್ಕೂ ಇರುವ ವ್ಯತ್ಯಾಸ ಫೀಸ್ ಬಡ್ಡಿ ಎಲ್ಲಾ ಸೇರಿ 510ಕ್ಕೂ ಮೇಲೆ. ಅಂದರೆ ನಿನ್ನ ಐದು ವರ್ಷದ ಪೂರ್ತಿ ಸಂಬಳ. ಐದು ವರ್ಷ ನೀನು ಲೇತ್ ಮುಂದೆ ನಿಂತದ್ದು ಒಂದು ಕಾಲೇಜಿನ ಹೆಸರಿಗೆ. ಹೆಸರಿಗೆ ಬೆಲೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇಷ್ಟು ಬೆಲೆ ಇದೆಯಾ ಅಂತ ಕೇಳುತ್ತಿದ್ದೇನೆ.

ಅವಳಿಗೆ ಮೊದಲ ಕೆಲಸ ಸಿಕ್ಕಿ ನಿನ್ನ ಒಂದೂವರೆ ಪಟ್ಟು ಸಂಬಳ ಬಂದರೂ, 150ರಲ್ಲಿ 60 ಕಂತಿಗೇ ಹೋಗುತ್ತದೆ. ನೂರಕ್ಕೆ ನಲವತ್ತು. ಮೊದಲ ವರ್ಷ ಕೆಲಸ ಸಿಗದಿದ್ದರೆ ಆ 60 ನಿನ್ನ 100ರಿಂದ ಹೋಗಬೇಕು. ಸಹಿ ಹಾಕುವವನು ನೀನು. ಹೌದು, ವರ್ಷ ಕಳೆದ ಹಾಗೆ ಸಂಬಳ ಏರುತ್ತದೆ, ಕಂತು ಅಷ್ಟೇ ಇರುತ್ತದೆ, ಆಮೇಲಾಮೇಲೆ ಹಗುರ ಆಗುತ್ತದೆ. ಆದರೆ ಸಾಲ ಮಾಡಿದವರು ಮುರಿದುಬೀಳುವುದು ಹೆಚ್ಚಾಗಿ ಮೊದಲ ಕೆಲವು ವರ್ಷದಲ್ಲಿ.

ಇನ್ನು ಓದೋದೇ ಬೇಡ ಅನ್ನುವ ಮಾತು. ಅದನ್ನು ಅವಳ ಬಾಯಿಂದ ತೆಗೆಸಿಬಿಡು. ಓದಿದವರಿಗೆ ಸಂಬಳ ಜಾಸ್ತಿ ಬರೋದು ಓದಿನಿಂದಲಾ, ಅಥವಾ ಮೊದಲೇ ಚುರುಕಾಗಿದ್ದವರು ಓದಿದರು ಅಂತಲಾ ಅನ್ನುವ ಅನುಮಾನ ಹಳೆಯದು. ಓರ್ಲಿ ಆಶೆನ್‌ಫೆಲ್ಟರ್ ಮತ್ತು ಅಲನ್ ಕ್ರೂಗರ್ ಅನ್ನುವ ಅರ್ಥಶಾಸ್ತ್ರಜ್ಞರು ಇದಕ್ಕೆ ಒಂದು ದಾರಿ ಹುಡುಕಿದರು. ಅಮೆರಿಕದ ಓಹಾಯೋದಲ್ಲಿ ಟ್ವಿನ್ಸ್‌ಬರ್ಗ್ ಅನ್ನುವ ಊರಲ್ಲಿ ವರ್ಷಕ್ಕೊಮ್ಮೆ ಅವಳಿಗಳು ಸೇರುವ ಹಬ್ಬ ನಡೆಯುತ್ತದೆ. 1991ರ ಆಗಸ್ಟ್‌ನಲ್ಲಿ ಅಲ್ಲಿಗೆ ತಂಡ ಕಟ್ಟಿಕೊಂಡು ಹೋಗಿ ಅವಳಿಗಳನ್ನು ಬೇರೆ ಬೇರೆ ಕೂರಿಸಿ ಓದು ಎಷ್ಟು, ಸಂಬಳ ಎಷ್ಟು ಅಂತ ಕೇಳಿದರು. ಒಂದೇ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ಮನೆಯಲ್ಲಿ ಬೆಳೆದು, ಒಂದೇ ರೂಪ ಇರುವ ಇಬ್ಬರಲ್ಲಿ ಜಾಸ್ತಿ ಓದಿದವರಿಗೆ ಸಂಬಳವೂ ಜಾಸ್ತಿ ಇತ್ತು. ಬೇರೆ ಬೇರೆ ದೇಶಗಳ ಲೆಕ್ಕ ಒಟ್ಟು ಹಾಕಿದವರು, ಒಂದು ವರ್ಷದ ಓದಿಗೆ ಸಂಬಳ ಸರಾಸರಿ ಶೇಕಡಾ 9ರಷ್ಟು ಏರುತ್ತದೆ ಅನ್ನುತ್ತಾರೆ.

ಆದರೆ ಸರಾಸರಿ ಅನ್ನುವ ಪದದ ಒಳಗೆ ನಾನೂ ಇದ್ದೆ, ನನ್ನ ಜೊತೆ ಓದಿ ಮುಗಿಸಿದವರೂ ಇದ್ದರು. ಅದಕ್ಕೇ ನನಗೆ ಅವಳು ಓದಬೇಕಾ ಬೇಡವಾ ಅನ್ನುವುದಕ್ಕಿಂತ, ಎಲ್ಲಿ ಓದಿದರೆ ಮುಗಿಸುತ್ತಾಳೆ ಅನ್ನೋದು ಮುಖ್ಯ.

---

ಬಿಳಿ ಸಮವಸ್ತ್ರ ಉತ್ತರ:

ಒಂದು ಸಣ್ಣ ಮಾತು. ನಾನು ನರ್ಸ್. ನಮ್ಮಲ್ಲಿ, ವಕೀಲರಲ್ಲಿ, ಡಾಕ್ಟರಲ್ಲಿ ಓದು ಮುಗಿಸದೆ ಕೆಲಸಕ್ಕೆ ಕೈ ಹಾಕುವ ಹಾಗೇ ಇಲ್ಲ. ಲೈಸೆನ್ಸ್ ಇಲ್ಲದೆ ಇಂಜೆಕ್ಷನ್ ಮುಟ್ಟಲು ಬಿಡುವುದಿಲ್ಲ, ಬಿಡಲೂಬಾರದು. ಅಲ್ಲಿ ಡಿಗ್ರಿ ಬೇಕಾ ಅನ್ನುವ ಪ್ರಶ್ನೆಯೇ ಬರೋದಿಲ್ಲ. ಎಲೆಕ್ಟ್ರಾನಿಕ್ಸ್ ಹಾಗಲ್ಲ, ಕೈಕೆಲಸದಿಂದಲೂ ಒಂದು ಮಟ್ಟಕ್ಕೆ ಹೋಗಬಹುದು. ತಂಗಿಗೆ ಯಾವ ಕೆಲಸ ಇಷ್ಟ, ರಿಪೇರಿಯೋ ವಿನ್ಯಾಸವೋ, ಕೇಳಿದ್ದೀರಾ? ರಿಪೇರಿಗೆ ಎರಡು ವರ್ಷದ ಕೋರ್ಸ್ ಸಾಕು. ಹೊಸದಾಗಿ ಸರ್ಕ್ಯೂಟ್ ವಿನ್ಯಾಸ ಮಾಡಬೇಕು ಅಂದರೆ ಗಣಿತ ಬೇಕು, ಅದು ಮನೆಯಲ್ಲಿ ಕೂತು ಬರುವುದು ಬಹಳ ಕಷ್ಟ.

---

ಮನೆಯಲ್ಲಿ ಮೊದಲಿಗ ಉತ್ತರ:

ಲೆಕ್ಕದವಳು ಅಕ್ಕ ಬರೆದದ್ದು ಓದಿ ಮನಸ್ಸು ಭಾರ ಆಯಿತು. ಆದರೂ ಇನ್ನೊಂದು ಕಡೆಯ ಮಾತು ಯಾರಾದರೂ ಹೇಳಬೇಕು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ದೊಡ್ಡ ಹೆಸರಿನ ಕಾಲೇಜಿಗೇ ಹೋದೆ, ಸಾಲ ಮಾಡಿಯೇ ಹೋದೆ. ಪಾಠ ಬೇರೆ ಕಡೆಗಿಂತ ಚೆನ್ನಾಗಿತ್ತು ಅಂತ ಹೇಳಲಾರೆ. ಆದರೆ ನನ್ನ ರೂಮಿನಲ್ಲಿದ್ದ ಹುಡುಗನ ಅಪ್ಪ ಎಂಜಿನಿಯರ್. ಇಂಟರ್ನ್‌ಶಿಪ್ ಅನ್ನುವ ಪದವನ್ನೇ ನಾನು ಮೊದಲು ಕೇಳಿದ್ದು ಅವನ ಬಾಯಲ್ಲಿ. ಅರ್ಜಿ ಹೇಗೆ ಬರೆಯಬೇಕು, ಯಾರಿಗೆ ಫೋನ್ ಮಾಡಬೇಕು, ಸಂಬಳ ಎಷ್ಟು ಕೇಳಬೇಕು, ಎಲ್ಲಾ ಅವನಿಂದ ಕಲಿತೆ. ಅವನಿಗೆ ಅದು ಮನೆಯಲ್ಲೇ ಗೊತ್ತಿತ್ತು. ನನಗೆ ಅದನ್ನು ಹೇಳುವವರು ಹುಟ್ಟಿದಾಗಿನಿಂದ ಯಾರೂ ಇರಲಿಲ್ಲ.

ಅಕ್ಕ ಹೇಳಿದ ಅದೇ ಅಲನ್ ಕ್ರೂಗರ್, ಸ್ಟೇಸಿ ಡೇಲ್ ಅನ್ನುವವರ ಜೊತೆ 2002ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದ್ದಾರೆ. 1976ರಲ್ಲಿ ಕಾಲೇಜು ಸೇರಿದವರ ಲೆಕ್ಕ. ದೊಡ್ಡ ಕಾಲೇಜಲ್ಲಿ ಸೀಟು ಸಿಕ್ಕರೂ ಬಿಟ್ಟು ಸಾಧಾರಣ ಕಾಲೇಜಿಗೆ ಹೋದವರು, ಮುಂದೆ ಹೆಚ್ಚುಕಡಿಮೆ ದೊಡ್ಡ ಕಾಲೇಜಿಗೆ ಹೋದವರಷ್ಟೇ ದುಡಿದರು ಅಂತ ಅದರಲ್ಲಿ ಬಂತು. ಸೀಟು ಸಿಗುವಷ್ಟು ಚುರುಕು ಇದ್ದವರು ಎಲ್ಲಿ ಓದಿದರೂ ಮೇಲೆ ಬಂದರು. ಅಲ್ಲಿಗೆ ಅಕ್ಕನ ಮಾತೇ ಸರಿ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ. ಬಡ ಮನೆಯಿಂದ ಬಂದವರಿಗೆ ಮಾತ್ರ ದೊಡ್ಡ ಕಾಲೇಜಿನಿಂದ ಲಾಭ ಆಯಿತು. ನನ್ನ ರೂಮಿನ ಕಥೆಗೆ ಅದು ಸರಿಯಾಗಿ ಹೊಂದುತ್ತದೆ.

ದೊಡ್ಡಣ್ಣ ಅವರ ಮನೆ ನನ್ನ ಮನೆಯಂಥದ್ದೇ. ಅದಕ್ಕೆ ಹೇಳಿದೆ.

---

ಲೆಕ್ಕದವಳು ಉತ್ತರ:

ಮೊದಲಿಗ ಅವರೇ, ನೀವು ಹೇಳಿದ್ದು ಸರಿ. ನಾನು ಅದನ್ನು ಬರೆಯಬೇಕಿತ್ತು, ಬರೆಯಲಿಲ್ಲ. ಬಡ ಮನೆಯ ಮಗುವಿಗೆ ಜೊತೆಗಾರರಿಂದ ಸಿಗುವ ತಿಳುವಳಿಕೆ ದುಡ್ಡಿನಷ್ಟೇ ದೊಡ್ಡದು. ನನಗೂ ಯಾರಾದರೂ 'ಪರೀಕ್ಷೆ ಫೀಸ್ ಕಟ್ಟಲು ಆಗದಿದ್ದರೆ ಮೊದಲೇ ಅರ್ಜಿ ಕೊಡು, ರಜೆ ತಗೋ, ಹೆಸರು ತೆಗೆಸಬೇಡ' ಅಂತ ಹೇಳಿದ್ದರೆ ಎಂಬತ್ತನಾಲ್ಕು ಗೀಟು ಬೇಕಾಗುತ್ತಿರಲಿಲ್ಲ.

ಆದರೂ ಎರಡು ಮಾತು. ಒಂದು, ನೀವು ಮುಗಿಸಿದಿರಿ. ಎರಡು, ನಿಮ್ಮ ಸಾಲ ಮೊದಲ ವರ್ಷದ ಸಂಬಳದ ಎಷ್ಟು ಪಟ್ಟಿತ್ತು? ಒಟ್ಟು ಸಾಲ ಮೊದಲ ವರ್ಷದ ಸಂಬಳಕ್ಕಿಂತ ಜಾಸ್ತಿ ಇರಬಾರದು ಅನ್ನುವುದು ಬಹಳ ಜನ ಹಿಡಿಯುವ ಅಳತೆ. ದೊಡ್ಡಣ್ಣನ ತಂಗಿಗೆ ಅದು ಹತ್ತಿರ ಹತ್ತಿರ ಎರಡು ಪಟ್ಟು ಆಗುತ್ತದೆ. ಬಡ್ಡಿ ಸೇರಿದರೆ ಎರಡೂವರೆ.

ಎಲ್ಲಾ ದೇಶದಲ್ಲೂ ಸಾಲ ಹೀಗೇ ಇರಬೇಕಾಗಿಲ್ಲ. ಆಸ್ಟ್ರೇಲಿಯಾದಲ್ಲಿ 1989ರಿಂದ ಬೇರೆ ವ್ಯವಸ್ಥೆ ಇದೆ. ಓದಿದವರ ಆದಾಯ ಒಂದು ಮಟ್ಟ ದಾಟಿದ ಮೇಲೆ ಮಾತ್ರ ತೆರಿಗೆಯ ಜೊತೆ ಸಾಲ ಕಡಿತ ಆಗುತ್ತದೆ. ಆದಾಯ ಇಲ್ಲದ ವರ್ಷ ಕಂತೂ ಇಲ್ಲ. ಅಂಥ ಸಾಲವಾಗಿದ್ದರೆ ನಾನೇ 'ತಮ್ಮಾ, ದೊಡ್ಡ ಕಾಲೇಜಿಗೆ ಕಳಿಸು' ಅನ್ನುತ್ತಿದ್ದೆ. ಅವಳಿಗೆ ಕೆಲಸ ಸಿಗಲಿ ಬಿಡಲಿ ಕಂತು ಬಾಗಿಲಿಗೆ ಬರುವ ಸಾಲ ಇದು. ಅದರ ಭಯ ನನಗೆ ಗೊತ್ತು.

---

ದೊಡ್ಡಣ್ಣ ಉತ್ತರ:

ಎಲ್ಲರಿಗೂ ಕೈಮುಗಿಯುತ್ತೇನೆ. ಅಕ್ಕಾ, ನಿಮ್ಮ ಲೆಕ್ಕವನ್ನು ಹಾಳೆ ಮೇಲೆ ಬರೆದು ತಂಗಿಯ ಮುಂದೆ ಇಟ್ಟೆ. ನಾನು ಮಾತಾಡುವ ಮೊದಲೇ ಅವಳು ಕ್ಯಾಲ್ಕುಲೇಟರ್ ತಂದು ಒಂದೊಂದೇ ಸಾಲು ಹಾಕಿ ನೋಡಿದಳು. ಎಲ್ಲಾ ತಾಳೆ ಆಯಿತು. 600 ಅನ್ನೋದನ್ನು ಎರಡು ಸಲ ಹಾಕಿದಳು.

ನರ್ಸ್ ಅಕ್ಕ ಕೇಳಿದ್ದನ್ನೂ ಕೇಳಿದೆ. ವಿನ್ಯಾಸವೇ ಬೇಕಂತೆ. "ಕೆಟ್ಟಿದ್ದನ್ನ ಸರಿ ಮಾಡಿ ಮಾಡಿ ಸಾಕಾಗಿದೆ ಅಣ್ಣಾ, ಕೆಡದ ಹಾಗೆ ಮಾಡೋದು ಹೇಗೆ ಅಂತ ಕಲೀಬೇಕು" ಅಂದಳು. ಕೆಲಸಕ್ಕೆ ಸೇರುವ ಮಾತನ್ನು ಬಿಟ್ಟಿದ್ದಾಳೆ, ಆದರೆ ಕೆಲಸ ಮಾಡುತ್ತಾ ಸಂಜೆ ಓದಿದರೆ ಹೇಗೆ ಅಂತ ಕೇಳುತ್ತಾಳೆ. ಅಕ್ಕಾ, ನೀವು ಹಾಗೇ ಮುಗಿಸಿದ್ದಲ್ವಾ? ಮತ್ತೆ, ಎಲ್ಲಿ ಓದಿದರೆ ಮುಗಿಸುತ್ತಾಳೆ ಅಂತ ಸೇರುವ ಮೊದಲೇ ತಿಳಿಯೋದು ಹೇಗೆ?

---

ಲೆಕ್ಕದವಳು ಉತ್ತರ:

ಹೌದು, ಹಾಗೇ ಮುಗಿಸಿದೆ. ಮೂರು ವರ್ಷದ ಓದಿಗೆ ಐದು ವರ್ಷ ಹಿಡಿಯಿತು. ರಾತ್ರಿ ಹತ್ತರಿಂದ ಹನ್ನೆರಡು, ಭಾನುವಾರ ಪೂರ್ತಿ. ನನ್ನದು ಲೆಕ್ಕದ ವಿಷಯ, ಪುಸ್ತಕ ಇದ್ದರೆ ಆಯಿತು. ಎಲೆಕ್ಟ್ರಾನಿಕ್ಸ್‌ಗೆ ಲ್ಯಾಬ್ ಬೇಕು. ವಿದ್ಯುತ್ತಿನ ಅಲೆಯನ್ನು ಪರದೆ ಮೇಲೆ ತೋರಿಸುವ ಆಸಿಲೋಸ್ಕೋಪ್ ಅನ್ನುವ ಉಪಕರಣದ ಮುಂದೆ ಹಗಲು ಹೊತ್ತು ನಿಲ್ಲಬೇಕು. ಜೊತೆಗೆ ಹದಿನೆಂಟಕ್ಕೆ ಸಂಬಳ ಕೈಗೆ ಬರತೊಡಗಿದರೆ ಮನೆಯ ಖರ್ಚೂ ಅದರ ಸುತ್ತ ಬೆಳೆಯುತ್ತದೆ, ಆಮೇಲೆ ಬಿಡಲು ಆಗುವುದಿಲ್ಲ. ಇದು ನಿನಗೇ ಗೊತ್ತು. ಅವಳು ಹಗಲಲ್ಲೇ ಓದಲಿ.

ನಾಲ್ಕು ವರ್ಷ ದುಡಿಯದೆ ಕಳೆದುಕೊಳ್ಳುವ ಸಂಬಳವೂ ಖರ್ಚೇ ಅಂತ ಯಾರಾದರೂ ಹೇಳುತ್ತಾರೆ. ನಿಜ. ವರ್ಷಕ್ಕೆ 70ರಂತೆ ಹಿಡಿದರೆ 280 ಆಗುತ್ತದೆ, ಹತ್ತಿರದ ಕಾಲೇಜಿನ ಫೀಸಿನ ಎರಡು ಪಟ್ಟಿಗಿಂತ ಜಾಸ್ತಿ. ಫೀಸ್, ಬಡ್ಡಿ ಸೇರಿ ಒಟ್ಟು 445ರ ಹತ್ತಿರ. ಡಿಗ್ರಿಯಿಂದ ಅವಳಿಗೆ ವರ್ಷಕ್ಕೆ 45 ಜಾಸ್ತಿ ಬಂದರೂ ಹತ್ತು ವರ್ಷದಲ್ಲಿ ತೀರುತ್ತದೆ. ಆಗ ಅವಳಿಗೆ 32. ಮುಂದೆ ಇನ್ನೂ ಇಪ್ಪತ್ತೆಂಟು ವರ್ಷ ದುಡಿಮೆ ಇದೆ. ಅದಕ್ಕೇ ಹತ್ತಿರದ ಕಾಲೇಜಿನ ಲೆಕ್ಕದಲ್ಲಿ ನನಗೆ ಅಳುಕಿಲ್ಲ.

ಎಲ್ಲಿ ಮುಗಿಸುತ್ತಾಳೆ ಅಂತ ತಿಳಿಯಲು ಕೇಳಲೇಬೇಕಾದದ್ದು ಇಷ್ಟು. ಎರಡೂ ಕಡೆ ಆ ವಿಭಾಗಕ್ಕೇ ಹೋಗಿ, ಆಫೀಸಿನ ಕೌಂಟರಲ್ಲಿ ಬೇಡ, ನಾಲ್ಕು ವರ್ಷದ ಹಿಂದೆ ಎಷ್ಟು ಜನ ಸೇರಿದರು, ಈ ವರ್ಷ ಅವರಲ್ಲಿ ಎಷ್ಟು ಜನ ಮುಗಿಸಿದರು ಅಂತ ಕೇಳು. ಕೆಲಸ ಸಿಕ್ಕವರ ಫೋಟೋ ತೋರಿಸುತ್ತಾರೆ, ಅದನ್ನು ನೋಡಿ ಮರುಳಾಗಬೇಡ, ಸಿಗದವರಿಗೆ ಫೋಟೋ ಇರೋದಿಲ್ಲ. ಮನೆಯಲ್ಲಿ ಕಷ್ಟ ಬಂದು ಒಂದು ವರ್ಷ ನಿಂತರೆ ಮತ್ತೆ ಸೇರುವ ನಿಯಮ ಏನು, ಅದನ್ನು ಬರವಣಿಗೆಯಲ್ಲಿ ತೋರಿಸಿ ಅನ್ನು. ಇದನ್ನು ನಾನು ಕೇಳಿರಲಿಲ್ಲ. ದೊಡ್ಡ ಕಾಲೇಜಿನವರಿಗೆ ನಿಮ್ಮ ಆದಾಯದ ಕಾಗದ ಹಚ್ಚಿ ಫೀಸ್ ರಿಯಾಯಿತಿಗೆ ಪತ್ರ ಬರೆಯಿರಿ. ಫೀಸ್ ಅರ್ಧಕ್ಕೆ ಇಳಿದರೆ ನನ್ನ ಮಾತನ್ನೇ ಬದಲಿಸುತ್ತೇನೆ, ಮೊದಲಿಗ ಅವರ ಕಡೆ ಸೇರುತ್ತೇನೆ.

ಓದುವಾಗಲೇ ತಿಂಗಳು ತಿಂಗಳು ಬಡ್ಡಿ ಕಟ್ಟಲು ಬಿಡುತ್ತಾರಾ ಅಂತ ಸಾಲ ಕೊಡುವವರನ್ನು ಕೇಳು. ಹತ್ತಿರದ ಕಾಲೇಜಿನ ಸಾಲಕ್ಕೆ ಕೊನೆಯ ವರ್ಷದಲ್ಲೂ ಬಡ್ಡಿ ವರ್ಷಕ್ಕೆ 4 ಮಾತ್ರ. ನಿನ್ನ ಸಂಬಳದಲ್ಲಿ ಅದು ಆಗುತ್ತದೆ. ಹಾಗೆ ಕಟ್ಟಿದರೆ ಅವಳು ಓದು ಮುಗಿಸಿದ ದಿನ ಸಾಲ 40 ಇದ್ದದ್ದು 40ರಲ್ಲೇ ನಿಂತಿರುತ್ತದೆ.

ಸಹಿ ಹಾಕುವ ದಿನ ಅವಳನ್ನು ಪಕ್ಕದಲ್ಲೇ ಕೂರಿಸಿಕೋ. ನನ್ನ ಸಾಲದ ಕಾಗದವನ್ನು ನಾನು ಮೊದಲ ಸಲ ಪೂರ್ತಿ ಓದಿದ್ದು ಕಾಲೇಜು ಬಿಟ್ಟ ಮೇಲೆ.

---

ಮನೆಯಲ್ಲಿ ಮೊದಲಿಗ ಉತ್ತರ:

ಅಕ್ಕ ಕೇಳಿದ್ದಕ್ಕೆ ಉತ್ತರ: ನನ್ನ ಸಾಲ ಮೊದಲ ವರ್ಷದ ಸಂಬಳಕ್ಕಿಂತ ಸ್ವಲ್ಪ ಕಡಿಮೆಯೇ ಇತ್ತು. ನನ್ನ ಫೀಸಿನ ಅರ್ಧಕ್ಕಿಂತ ಜಾಸ್ತಿ ವಿದ್ಯಾರ್ಥಿವೇತನದಲ್ಲಿ ಹೋಗಿತ್ತು. ಅದನ್ನು ಮೊದಲೇ ಹೇಳಬೇಕಿತ್ತು. ದೊಡ್ಡಣ್ಣ ಅವರೇ, ತಂಗಿ ಎಲ್ಲಿ ಸೇರಿದರೂ ಅರ್ಜಿ ಬರೆಯೋದು, ಇಂಟರ್ನ್‌ಶಿಪ್ ಹುಡುಕೋದು, ಇದರಲ್ಲಿ ನಾನು ಕೈಲಾದದ್ದು ಮಾಡುತ್ತೇನೆ. ಎರಡನೇ ವರ್ಷ ಮುಗಿಯುವ ಹೊತ್ತಿಗೆ ನನಗೆ ಇಲ್ಲೇ ಬರೆಯಿರಿ. ನನ್ನ ರೂಮಿನ ಹುಡುಗ ನನಗೆ ಹೇಳಿಕೊಟ್ಟದ್ದೆಲ್ಲಾ ಹೇಳುತ್ತೇನೆ.

---

ದೊಡ್ಡಣ್ಣ ಉತ್ತರ:

ಒಂಬತ್ತು ದಿನ ಆಯಿತು, ಏನಾಯಿತು ಅಂತ ತಿಳಿಸುತ್ತೇನೆ.

ಹತ್ತಿರದ ಕಾಲೇಜಿಗೆ ಇಬ್ಬರೂ ಹೋದೆವು. ವಿಭಾಗದ ಮುಖ್ಯಸ್ಥರು ಮೊದಲು ಯಾಕೆ ಕೇಳುತ್ತೀರಿ ಅಂದರು. ಆಮೇಲೆ ಕಪಾಟಿನಿಂದ ರಿಜಿಸ್ಟರ್ ತೆಗೆದು ಅವರೇ ಎಣಿಸಿದರು. ಸೇರಿದವರು 60, ಸರಿಯಾಗಿ ನಾಲ್ಕು ವರ್ಷಕ್ಕೆ ಮುಗಿಸಿದವರು 47. ಬಿಟ್ಟವರಲ್ಲಿ ಕೆಲವರು ಯಾಕೆ ಬಿಟ್ಟರು ಅಂತಲೂ ಅವರಿಗೆ ನೆನಪಿತ್ತು, ಹೆಸರು ಹೇಳದೆ ಹೇಳಿದರು. ಒಂದು ವರ್ಷ ನಿಂತವರು ಹಳೇ ಫೀಸಿಗೇ ಮತ್ತೆ ಸೇರಬಹುದು ಅನ್ನುವ ನಿಯಮ ಅಚ್ಚಾಗಿದೆ, ಪ್ರತಿ ಕೊಟ್ಟರು. ತಂಗಿ ಲ್ಯಾಬ್ ನೋಡಬೇಕು ಅಂದಳು. ಬೀಗ ತೆಗೆಸಿ ತೋರಿಸಿದರು. ಅಲ್ಲಿ ಒಂದು ಆಸಿಲೋಸ್ಕೋಪ್‌ನ ಗುಂಡಿ ಕಿತ್ತುಹೋಗಿತ್ತು. ಅವಳು ಅದನ್ನೇ ನೋಡುತ್ತಾ ನಿಂತುಬಿಟ್ಟಳು.

ದೊಡ್ಡ ಕಾಲೇಜಿಗೆ ಪತ್ರ ಬರೆದೆವು. ಮೊದಲ ವರ್ಷದ ಹಾಸ್ಟೆಲ್ ಫೀಸಿನಲ್ಲಿ ಹತ್ತನೇ ಒಂದು ಭಾಗ ಬಿಡುತ್ತೇವೆ ಅಂತ ಉತ್ತರ ಬಂತು. ಮುಂದಿನ ವರ್ಷಗಳ ಬಗ್ಗೆ ಏನೂ ಇಲ್ಲ. ಆ ಪತ್ರವನ್ನು ನಾನು ಎರಡು ದಿನ ಜೇಬಲ್ಲೇ ಇಟ್ಟುಕೊಂಡು ಓಡಾಡಿದೆ. ಕಡೆಗೆ ಬೇಡ ಅಂದವಳು ಅವಳೇ. ನನಗೆ ಇನ್ನೂ ಸ್ವಲ್ಪ ಬೇಜಾರಿದೆ, ಸುಳ್ಳು ಹೇಳೋದಿಲ್ಲ.

ಬಡ್ಡಿ ತಿಂಗಳು ತಿಂಗಳು ಕಟ್ಟಬಹುದಂತೆ, ಕೇಳಿದೆ. ಫೀಸ್ ಕಟ್ಟಲು ಶುಕ್ರವಾರ ಕೊನೇ ದಿನ, ನಾವು ಗುರುವಾರ ಹೋಗುತ್ತಿದ್ದೇವೆ. ಸಾಲದ ಕಾಗದ ಮನೆಗೆ ತಂದಿದ್ದೇನೆ. ಹದಿನಾಲ್ಕು ಪುಟ ಇದೆ. ಅವಳು ಈಗ ಪೆನ್ಸಿಲ್ ಹಿಡಿದು ಆರನೇ ಪುಟದಲ್ಲಿದ್ದಾಳೆ. ಅರ್ಥವಾಗದ ಕಡೆಯಲ್ಲೆಲ್ಲಾ ಅಡಿಗೆರೆ ಹಾಕುತ್ತಿದ್ದಾಳೆ. ಅಕ್ಕಾ, ಅದನ್ನೆಲ್ಲಾ ನಾಳೆ ಇಲ್ಲಿ ಹಾಕುತ್ತೇನೆ, ಬಿಡುವಾದಾಗ ನೋಡಿ ಹೇಳಿ.